ತೊಗರಿ ಹೊಲದ ಮೇಲೆ ಕಾರಿನ ದಾರಿ: ಫರ್ಸಿಯೋ, ಪೇವರೋ, ಕಾಂಕ್ರೀಟೋ?

ಪ್ರಶ್ನೆ: ಕಲಬುರಗಿಯ ಹೊರಗೆ, ಮೊನ್ನೆಮೊನ್ನೆವರೆಗೂ ತೊಗರಿ ಬೆಳೆಯುತ್ತಿದ್ದ ಹೊಲದಲ್ಲಿ ಆದ ಲೇಔಟಿನಲ್ಲಿ ಮನೆ ಕಟ್ಟಿಸಿದ್ದೇವೆ. ಗೇಟಿನಿಂದ ಪೋರ್ಟಿಕೊವರೆಗೆ 38 ಅಡಿ ಉದ್ದ, 14 ಅಡಿ ಅಗಲದ ಜಾಗ ಇನ್ನೂ ಬರೀ ಮಣ್ಣು. ಒಂದು ಕಾರು, ಎರಡು ಬೈಕು ಇವೆ. ಬೇಸಿಗೆಯಲ್ಲಿ ನೀರಿನ ಟ್ಯಾಂಕರ್ ಒಳಗೇ ಬರುತ್ತದೆ. ಅಪ್ಪ ಶಹಾಬಾದ್ ಫರ್ಸಿ (ಹಾಸುಗಲ್ಲು) ಹಾಸಿ ಎನ್ನುತ್ತಾರೆ, ಗೌಂಡಿ ಕಾಂಕ್ರೀಟ್ ಎನ್ನುತ್ತಾನೆ, ಹೆಂಡತಿಗೆ ಪಾರ್ಕಿಂಗ್ ಟೈಲ್ಸ್ ಇಷ್ಟ. ಬೆಂಗಳೂರಿನಲ್ಲಿರುವ ಭಾವ ಮಳೆನೀರು ಇಂಗುವಂಥ ಪೇವರ್ (ಜೋಡಿಸಿ ಹಾಸುವ ಕಾಂಕ್ರೀಟ್ ತುಂಡು) ಹಾಕಿಸು ಅಂತ ಹಟ ಹಿಡಿದಿದ್ದಾರೆ. ಅವ್ವನದು ಒಂದೇ ಬೇಡಿಕೆ, ಹಪ್ಪಳ ಒಣಗಿಸಲು ಜಾಗ ಬೇಕು. ಯಾವುದನ್ನು ಹಾಕಿಸಲಿ?

ಉತ್ತರ: ನೀವು ನಾಲ್ಕು ಸಾಮಗ್ರಿಗಳ ಹೆಸರು ಬರೆದಿದ್ದೀರಿ. ನನ್ನ ಕಣ್ಣು ನಿಂತದ್ದು ಮಾತ್ರ ‘ತೊಗರಿ’ ಎಂಬ ಮಾತಿನ ಮೇಲೆ. ಅಲ್ಲಿ ತೊಗರಿ ಚೆನ್ನಾಗಿ ಬರುತ್ತಿತ್ತು ಅಂದರೆ ನಿಮ್ಮ ಕಾರು ನಿಲ್ಲುವುದು ಎರೆಮಣ್ಣಿನ ಮೇಲೆ. ಮೊದಲು ಅದರ ಜೊತೆ ಮಾತಾಡಿ ಮುಗಿಸೋಣ, ಫರ್ಸಿ ಪೇವರ್ ಆಮೇಲೆ.

ಎರೆಮಣ್ಣಿನ ಜೇಡಿಯಲ್ಲಿ ಮಾಂಟ್‌ಮೊರಿಲೊನೈಟ್ ಎಂಬ ಖನಿಜ ಇರುತ್ತದೆ. ಅದರ ಕಣ ಪುಸ್ತಕದ ಹಾಳೆಗಳಂತೆ ಪದರ ಪದರ. ನೀರು ಹೊಕ್ಕರೆ ಹಾಳೆಗಳು ಒಂದರಿಂದೊಂದು ಸರಿದು ಮಣ್ಣು ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಾಯಿ ಬಿಡುತ್ತದೆ. ಏಪ್ರಿಲ್‌ನಲ್ಲಿ ಹೊಲದ ಬಿರುಕಿಗೆ ಕೈ ಇಳಿಸಿ ನೋಡಿದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಆದರೆ ಹಾಸಿನ ಕೆಳಗೆ ಇನ್ನೊಂದು ಸಂಗತಿ ನಡೆಯುತ್ತದೆ, ಅದು ಕಣ್ಣಿಗೆ ಬೀಳುವುದಿಲ್ಲ. ಮೇಲೆ ಏನಾದರೂ ಹಾಸಿದ ಕೂಡಲೇ ನಡುವಿನ ಮಣ್ಣಿಗೆ ಬಿಸಿಲು ತಾಗುವುದು ನಿಲ್ಲುತ್ತದೆ. ವರ್ಷವಿಡೀ ಅಲ್ಲಿ ಹೆಚ್ಚುಕಡಿಮೆ ಒಂದೇ ತೇವ. ಅಂಚಿನ ಕೆಲವು ಅಡಿಗೆ ಮಾತ್ರ ಮಳೆ, ಬಿಸಿಲು, ಗಿಡಕ್ಕೆ ಬಿಟ್ಟ ನೀರು ಎಲ್ಲವೂ ತಾಗುತ್ತವೆ. ನಡು ಸುಮ್ಮನೆ ಇರುತ್ತದೆ, ಅಂಚು ಏಳುತ್ತದೆ, ಇಳಿಯುತ್ತದೆ. ನೆಲ ಇಡಿಯಾಗಿ ಎದ್ದು ಇಡಿಯಾಗಿ ಇಳಿದಿದ್ದರೆ ಯಾರಿಗೂ ಗೊತ್ತೂ ಆಗುತ್ತಿರಲಿಲ್ಲ. ಒಂದು ಕಡೆ ಎದ್ದು ಇನ್ನೊಂದು ಕಡೆ ಏಳದೆ ಇರುವುದರಿಂದಲೇ ಹಾಸು ಮುರಿಯುವುದು.

ಇದನ್ನು ನಾನು ಕಲಿತದ್ದು ನನ್ನ ಮನೆಯ ಮುಂದೆಯೇ. ಇಪ್ಪತ್ತು ವರ್ಷದ ಹಿಂದಿನ ಮಾತು. ಐದು ಇಂಚಿನ ಕಾಂಕ್ರೀಟ್, ಒಳಗೆ ಸರಳು, ಹದಿನಾಲ್ಕು ದಿನ ಗೋಣಿಚೀಲ ಹೊದಿಸಿ ನೀರು. ಕಾಂಕ್ರೀಟಿನಲ್ಲಿ ಒಂದು ಹುಳುಕು ತೋರಿಸಿ ಅಂತ ಗೌಂಡಿಗಳಿಗೆ ಸವಾಲು ಹಾಕುವ ಹಾಗಿತ್ತು. ತಪ್ಪು ಕೆಳಗಿತ್ತು. ಮೇ ತಿಂಗಳಲ್ಲಿ, ಬಾಯಿಬಿಟ್ಟ ನೆಲದ ಮೇಲೆ ಆರು ಇಂಚು ಉಸುಕು ಹರಡಿ ಅದರ ಮೇಲೆ ಹಾಕಿಸಿದ್ದೆ. ಜುಲೈನಲ್ಲಿ ಗೇಟು ನೆಲಕ್ಕೆ ತಾಗಿ ನಿಂತುಬಿಟ್ಟಿತು. ವೆಲ್ಡಿಂಗ್‌ನವನನ್ನು ಕರೆಸಿ ಗೇಟಿನ ಕೆಳಪಟ್ಟಿ ಕೊಯ್ಸಿದೆ. ಮುಂದಿನ ಏಪ್ರಿಲ್‌ಗೆ ಅದೇ ಗೇಟಿನ ಕೆಳಗೆ ನಾಯಿಮರಿ ನುಸುಳುವಷ್ಟು ಸಂದು. “ಮಳಿಗಾಲ ಬಂದದ್ದು ರೇಡಿಯೊಕ್ಕಿಂತ ಮೊದಲ ನಮ್ಮ ಗೇಟಿಗಿ ಗೊತ್ತಾಗ್ತದ” ಅಂತ ಮನೆಯಾಕೆ ಬಂದವರಿಗೆಲ್ಲ ಹೇಳುತ್ತಿದ್ದಳು. ಮೂರನೇ ವರ್ಷ ಹಾಸಿನ ನಡುವೆ ಉದ್ದಕ್ಕೂ ಬಿರುಕು. ಒಡೆಸಿ ತೆಗೆಸುವಾಗ ಉಸುಕು ಇನ್ನೂ ಒದ್ದೆಯಾಗಿತ್ತು, ಮಳೆ ನಿಂತು ತಿಂಗಳಾಗಿದ್ದರೂ.

ಆ ಒದ್ದೆ ಉಸುಕೇ ಪಾಠ. ಎರೆಮಣ್ಣಿನಲ್ಲಿ ಗುಂಡಿ ತೋಡಿ ಉಸುಕನ್ನೋ ಬಿಡಿ ಖಡಿಯನ್ನೋ ತುಂಬಿದರೆ ನೀವು ಒಂದು ತೊಟ್ಟಿ ಕಟ್ಟಿದ ಹಾಗೆ. ಸುತ್ತಲಿನ ಜೇಡಿ ನೀರು ಬಿಡುವುದಿಲ್ಲ, ಒಳಗಿನ ಉಸುಕು ನೀರನ್ನು ಹಿಡಿದಿಟ್ಟುಕೊಂಡು ಅಡಿಯ ಮಣ್ಣಿಗೆ ತಿಂಗಳುಗಟ್ಟಲೆ ಉಣ್ಣಿಸುತ್ತದೆ. ಕಾಲುವೆ ಕೆಲಸಗಳಲ್ಲಿ ಇದೇ ತೊಂದರೆ ಎದುರಾದಾಗ ಐಐಟಿ ಬಾಂಬೆಯ ಪ್ರೊ. ಆರ್.ಕೆ. ಕಟ್ಟಿ ಅವರು ತೋರಿಸಿಕೊಟ್ಟ ದಾರಿ ಬೇರೆ. ಎರೆಮಣ್ಣಿನ ಮೇಲೆ ತನ್ನಲ್ಲಿ ಅಂಟು ಇರುವ, ಆದರೆ ಉಬ್ಬದ ಮಣ್ಣಿನ ಪದರ ಹಾಕಿ ಗಟ್ಟಿಯಾಗಿ ಕೂರಿಸಿ ಎಂದರು ಅವರು. ನಮ್ಮ ಕಡೆ ಅಂಥ ಮಣ್ಣಿಗೆ ಹೆಸರು ಮುರುಮ್. ಉಸುಕಿಗೂ ಮುರುಮಿಗೂ ಇರುವ ಈ ವ್ಯತ್ಯಾಸ ಗೊತ್ತಿಲ್ಲದೆ ಈ ಊರಿನಲ್ಲಿ ಎಷ್ಟು ಅಂಗಳ ಒಡೆದಿವೆಯೋ.

ನಿಮ್ಮ ಮಣ್ಣು ಎಷ್ಟು ಉಬ್ಬುತ್ತದೆ ಎಂದು ನೀವೇ ನೋಡಬಹುದು. ಎರಡು ಅಡಿ ಆಳದಿಂದ ಒಂದು ಹಿಡಿ ಮಣ್ಣು ತೆಗೆದು ಬಿಸಿಲಿಗೆ ಬಟಾಬಯಲಿನಲ್ಲಿ ಎರಡು ದಿನ ಒಣಗಿಸಿ, ಕುಟ್ಟಿ, ಹಿಟ್ಟಿನ ಸಾಣಿಗೆಯಲ್ಲಿ ಜರಡಿ ಹಿಡಿಯಿರಿ. ಒಂದೇ ಅಳತೆಯ ಎರಡು ಸಣ್ಣ ಗಾಜಿನ ಲೋಟಗಳಿಗೆ ತಲಾ ಎರಡು ಚಮಚ ಹಾಕಿ. ಒಂದಕ್ಕೆ ನೀರು, ಇನ್ನೊಂದಕ್ಕೆ ಸೀಮೆಎಣ್ಣೆ ಸುರಿದು ಕಲಕಿ, ಗುಳ್ಳೆ ಹೋದ ಮೇಲೆ 24 ತಾಸು ಬಿಡಿ. ಸೀಮೆಎಣ್ಣೆಯಲ್ಲಿ ಎರೆಮಣ್ಣು ಉಬ್ಬುವುದಿಲ್ಲ, ಹಾಗಾಗಿ ಅದು ನಿಮ್ಮ ಅಳತೆಗೋಲು. ನೀರಿನ ಲೋಟದಲ್ಲಿ ಮಣ್ಣು ಸೀಮೆಎಣ್ಣೆಯ ಲೋಟದ ಮಣ್ಣಿನ ಒಂದೂವರೆ ಪಟ್ಟು ಎತ್ತರ ದಾಟಿದ್ದರೆ ಎಚ್ಚರವಾಗಿರಿ. ದುಪ್ಪಟ್ಟಾಗಿದ್ದರೆ ಮುಂದೆ ಬರೆದಿರುವ ಯಾವುದರಲ್ಲೂ ಉಳಿತಾಯ ಮಾಡಲು ಹೋಗಬೇಡಿ. ಪ್ರಯೋಗಾಲಯದಲ್ಲೂ ಮಾಡುವುದು ಇದನ್ನೇ, ತೂಕ ಮತ್ತು ಅಳತೆ ಅಲ್ಲಿ ಕರಾರುವಾಕ್ಕು, ಅಷ್ಟೇ. ಸೀಮೆಎಣ್ಣೆ ಈಗ ಸಿಗುವುದು ಕಷ್ಟ, ಒಂದು ಬಾಟಲಿಗಾಗಿ ನಾಲ್ಕು ಮನೆ ಕೇಳಬೇಕಾದೀತು.

ಈಗ ನಿಮ್ಮ ಮನೆಯವರ ಅಭ್ಯರ್ಥಿಗಳು, ಒಬ್ಬೊಬ್ಬರಾಗಿ.

ಅಪ್ಪನವರ ಫರ್ಸಿ. ನಾನೂ ಫರ್ಸಿಯ ಮೇಲೆಯೇ ಬೆಳೆದವನು, ಅದರ ಬಗ್ಗೆ ಕೆಟ್ಟ ಮಾತು ಸುಲಭಕ್ಕೆ ಬರುವುದಿಲ್ಲ. ಶಹಾಬಾದ್, ಚಿತ್ತಾಪುರ, ಸೇಡಂ ಕಡೆಯ ಈ ಸುಣ್ಣಗಲ್ಲು ಭೂಮಿಯಲ್ಲೇ ಪದರ ಪದರವಾಗಿ ಕೂತಿದೆ. ಚಾಣ ಹೊಡೆದರೆ ಹಲಗೆಯಂತೆ ಎದ್ದು ಬರುತ್ತದೆ. ವಾಡಿ, ಸೇಡಂ, ಮಳಖೇಡದ ಸಿಮೆಂಟ್ ಕಾರ್ಖಾನೆಗಳೂ ಇದೇ ಸುಣ್ಣಗಲ್ಲಿನ ನೆಲದ ಮೇಲೆಯೇ ಕೂತಿವೆ. ಗಣಿ ಹತ್ತಿರ ಇರುವುದರಿಂದ ಲಾರಿ ಬಾಡಿಗೆ ಕಡಿಮೆ. ಬಣ್ಣ ತಿಳಿ ಬೂದು, ಬಿಸಿಲಿಗೆ ಕಪ್ಪು ಹಾಸಿನಷ್ಟು ಕಾಯುವುದಿಲ್ಲ. ಪಡಸಾಲೆಗೆ, ಅಡುಗೆಮನೆಗೆ, ಕಟ್ಟೆಗೆ ಅದರಂಥದ್ದು ಇನ್ನೊಂದಿಲ್ಲ.

ಕಾರಿನ ಮಾತೇ ಬೇರೆ. ಫರ್ಸಿಗೆ ಒತ್ತುವ ಭಾರ ಎಷ್ಟಿದ್ದರೂ ಲೆಕ್ಕವಿಲ್ಲ, ಬಾಗಿಸುವ ಭಾರವನ್ನು ಮಾತ್ರ ಅದು ತಾಳುವುದಿಲ್ಲ. ಕೆಳಗೆ ಎಲ್ಲ ಕಡೆ ಆಸರೆ ಇದ್ದರೆ ಕಾರು ದಿನಕ್ಕೆ ಹತ್ತು ಸಲ ಹೋಗಲಿ. ಒಂದು ಕಡೆ ಟೊಳ್ಳು ಬಿದ್ದರೆ ಮಾತ್ರ ಹಪ್ಪಳ ಮುರಿದ ಹಾಗೆ ಮುರಿಯುತ್ತದೆ. ಹೋದ ಬೇಸಿಗೆಯಲ್ಲಿ ಒಬ್ಬರ ಮನೆಯಲ್ಲಿ ಗೇಟಿನ ಪಕ್ಕದ ಸಾಲಿನ ಮುರಿದ ಫರ್ಸಿ ಎಬ್ಬಿಸಿದೆವು. ಕಲ್ಲು ಮುಕ್ಕಾಲು ಇಂಚು ದಪ್ಪ. ಅಡಿಯಲ್ಲಿ ಸಿಮೆಂಟು ಗಾರೆ ಕಲ್ಲಿಗೆ ಅಂಟಿಕೊಂಡು ನೇತಾಡುತ್ತಿತ್ತು. ಗಾರೆಗೂ ಮಣ್ಣಿಗೂ ನಡುವೆ ನನ್ನ ನಾಲ್ಕು ಬೆರಳು ಆರಾಮಾಗಿ ಒಳಗೆ ಹೋದವು. ಜೊತೆಗಿದ್ದ ವಯಸ್ಸಾದ ಗೌಂಡಿ ಬಗ್ಗಿ ನೋಡಿ, “ಎರಿ ಭೂಮಿ ಉಸುರಾಡ್ತದ್ರಿ ಸಾಹೇಬ್ರ, ಫರ್ಸಿ ಉಸುರಾಡಂಗಿಲ್ಲ” ಅಂದ.

ಹಾಗಾಗಿ ಫರ್ಸಿಯನ್ನು ಪೋರ್ಟಿಕೊದ ಕೆಳಗೆ ಹಾಸಿ. ಅಲ್ಲಿ ಮಳೆ ಬೀಳುವುದಿಲ್ಲ, ಮನೆಯ ಬುನಾದಿ ಪಕ್ಕದಲ್ಲೇ ಇದೆ, ನೆಲ ಹೆಚ್ಚು ಆಡುವುದಿಲ್ಲ. ಅಲ್ಲೂ ಎರಡು ಇಂಚಿಗೆ ಕಡಿಮೆ ದಪ್ಪದ್ದು ಬೇಡ. ನಾಲ್ಕು ಅಡಿ ಉದ್ದದ ದೊಡ್ಡ ಕಲ್ಲು ನೋಡಲು ಚೆಂದ, ಆದರೆ ಚಕ್ರದ ಕೆಳಗೆ ಎರಡಡಿ-ಒಂದಡಿಯ ಸಣ್ಣ ಕಲ್ಲೇ ಬಾಳುವುದು. ಪಾಲಿಶ್ ಬೇಡ, ಒರಟು ಮುಖ ಮೇಲಿರಲಿ. ಕಲ್ಲು ಇಳಿಸಿಕೊಳ್ಳುವಾಗ ಒಂದೊಂದನ್ನೂ ನಿಲ್ಲಿಸಿ ಸಣ್ಣ ಸುತ್ತಿಗೆಯಿಂದ ತಟ್ಟಿ. ಗಂಟೆಯ ದನಿ ಬಂದರೆ ಒಳಗೆ ಇಡೀ ಕಲ್ಲು. ಡಬ್ ಎಂದರೆ ಒಳಗೆ ಪದರ ಬಿಟ್ಟಿದೆ, ವಾಪಸ್ ಕಳಿಸಿ. ಇನ್ನೊಂದು ಮಾತು, ಇದು ಸುಣ್ಣಗಲ್ಲು. ಬಾತ್‌ರೂಮ್ ತೊಳೆಯುವ ಆ್ಯಸಿಡ್ ಬಿದ್ದರೆ ನೊರೆ ಬಂದು ಮೈ ತಿಂದುಹೋಗುತ್ತದೆ. ಹುಣಸೆ ನೀರು ಕೂಡ ಕಲೆ ಬಿಡುತ್ತದೆ.

ಪಾರ್ಕಿಂಗ್ ಟೈಲ್ಸ್ ಬಗ್ಗೆ ನಿಮ್ಮ ಮನೆಯವರಿಗೆ ಬೇಜಾರಾಗದ ಹಾಗೆ ಹೇಳುವುದು ಕಷ್ಟ. ಟೈಲ್ಸ್ ತಾನಾಗಿ ನಿಲ್ಲುವ ವಸ್ತುವೇ ಅಲ್ಲ, ಕೆಳಗಿನ ಕಾಂಕ್ರೀಟಿನ ಮೇಲಿನ ಸಿಂಗಾರ. ಕಾಂಕ್ರೀಟ್ ಬಿರುಕು ಬಿಟ್ಟ ದಿನ ಅದೇ ಗೆರೆ ಟೈಲ್ಸಿನಲ್ಲೂ ಏಳುತ್ತದೆ. ಸಾಲದ್ದಕ್ಕೆ ನಮ್ಮಲ್ಲಿ ಹಾಸುವ ರೀತಿ ನೋಡಿದ್ದೀರಲ್ಲ, ನಾಲ್ಕು ಮೂಲೆಗೆ ನಾಲ್ಕು ಸಿಮೆಂಟಿನ ಉಂಡೆ, ನಡುವೆ ಒಂದು, ಮೇಲೆ ಟೈಲ್ಸ್ ಇಟ್ಟು ಮರದ ಸುತ್ತಿಗೆಯಿಂದ ಎರಡು ಪೆಟ್ಟು. ಉಂಡೆಗಳ ನಡುವೆಲ್ಲ ಟೊಳ್ಳು, ಮೊದಲ ಚಕ್ರಕ್ಕೇ ಮೂಲೆ ಹಾರುತ್ತದೆ. ಅಷ್ಟು ಇಷ್ಟವಿದ್ದರೆ ಪೋರ್ಟಿಕೊದಲ್ಲಿ ಫರ್ಸಿಯ ಬದಲು ಹಾಕಿಸಿ, ಪೂರ್ತಿ ಗಾರೆಯ ಮೇಲೆ. ತೆರೆದ 38 ಅಡಿಗೆ ಬೇಡ.

ಗೌಂಡಿಯ ಕಾಂಕ್ರೀಟ್ ಕೆಟ್ಟ ಸಲಹೆಯೇನಲ್ಲ. ಅವನು ಹೇಳದೆ ಬಿಟ್ಟದ್ದು ಕೀಲುಗಳ ವಿಚಾರ. ಬಿರುಕು ಬೀಳುವುದು ಖಂಡಿತ, ಎಲ್ಲಿ ಬೀಳಬೇಕು ಎಂಬುದನ್ನಷ್ಟೇ ನಾವು ತೀರ್ಮಾನಿಸಬಹುದು. ನಿಮ್ಮ ಜಾಗಕ್ಕೆ ಐದು ಇಂಚಿನ ಹಾಸಾದರೆ ಉದ್ದಕ್ಕೆ ನಡುವೆ ಒಂದು ಕೀಲು, ಅಡ್ಡಕ್ಕೆ ಮೂರು. ಹೀಗೆ ಏಳು ಅಡಿ ಅಗಲ, ಒಂಬತ್ತೂವರೆ ಅಡಿ ಉದ್ದದ ಎಂಟು ಹಲಗೆಗಳಾಗುತ್ತವೆ. ಕಟರ್ ಹಚ್ಚಿ ದಪ್ಪದ ಕಾಲುಭಾಗ, ಅಂದರೆ ಒಂದೂಕಾಲು ಇಂಚು ಆಳಕ್ಕೆ ಕೊಯ್ಯಬೇಕು. ಅದೂ ನಮ್ಮ ಬಿಸಿಲಿನಲ್ಲಿ ಹಾಕಿದ ದಿನವೇ, ಅಂಚು ಸಿಡಿಯದಷ್ಟು ಗಟ್ಟಿಯಾದ ಕೂಡಲೇ. ನಾಳೆ ಬರ್ತೀನಿ ಅಂದವನು ಬರುವುದರೊಳಗೆ ಕಾಂಕ್ರೀಟ್ ತನಗೆ ಬೇಕಾದಲ್ಲಿ ಬಿರಿದಿರುತ್ತದೆ. ಎಲ್ಲ ಸರಿಯಾಗಿ ಮಾಡಿದರೂ ಎರೆಯ ಮೇಲೆ ಹಲಗೆಯ ಒಂದು ಮೂಲೆ ಎದ್ದರೆ ಅದನ್ನು ಇಳಿಸಲು ಬರುವುದಿಲ್ಲ, ಒಡೆಯಬೇಕು. ನನ್ನ ತಕರಾರು ಅಷ್ಟೇ.

ಡಾಂಬರು ಯಾರೂ ಹೇಳಿಲ್ಲ, ಒಳ್ಳೆಯದಾಯಿತು. ಐನೂರು ಚದರಡಿಗೆ ಬಿಸಿ ಮಿಶ್ರಣ ತಂದು ರೋಲರ್ ಓಡಿಸುವವರು ಸಿಗುವುದಿಲ್ಲ, ಸಿಕ್ಕರೂ ಮೇ ತಿಂಗಳಲ್ಲಿ ಬೈಕಿನ ಸ್ಟ್ಯಾಂಡ್ ಅದರೊಳಗೆ ಇಳಿಯುತ್ತದೆ.

ಉಳಿದದ್ದು ಪೇವರ್. ನಿಮ್ಮ ಜಾಗಕ್ಕೆ ನನ್ನ ಮತ ಇದಕ್ಕೆ, ಆದರೆ ಭಾವ ಹೇಳುವ ಕಾರಣಕ್ಕಲ್ಲ. ಪೇವರ್ ಎಂದರೆ ಮೊದಲೇ ಮುರಿದ ಹಾಸು. ಸಾವಿರಾರು ತುಂಡು, ಸಾವಿರಾರು ಕೀಲು. ನೆಲ ಅರ್ಧ ಇಂಚು ಎದ್ದರೆ ಅದರ ಜೊತೆ ಏಳುತ್ತದೆ, ಬಿರುಕಿಗೆ ಜಾಗವೇ ಇಲ್ಲ. ಎಲ್ಲಾದರೂ ತಗ್ಗು ಬಿದ್ದರೆ ಅಷ್ಟು ತುಂಡು ಎಬ್ಬಿಸಿ, ಕೆಳಗೆ ಸರಿಮಾಡಿ, ಅವೇ ತುಂಡುಗಳನ್ನು ಮತ್ತೆ ಕೂರಿಸಬಹುದು. ಇಬ್ಬರು ಆಳು, ಒಂದು ದಿನದ ಕೆಲಸ. ನೀರಿನ ಪೈಪು ಒಡೆದರೂ ಅಷ್ಟೇ. ಆಡುವ ನೆಲದ ಮೇಲೆ ಬಿಚ್ಚಿ ಜೋಡಿಸಬಲ್ಲ ಹಾಸು ಇರಬೇಕು ಎನ್ನುವುದು ನನ್ನ ಹಟ.

ಭಾವನ ಮಾತಿಗೆ ಬರುತ್ತೇನೆ. ಬೆಂಗಳೂರಿನ ಕೆಂಪುಮಣ್ಣಿಗೆ ನೀರು ಇಂಗಿಸುವ ಹಾಸು ಒಳ್ಳೆಯದೇ. ಇಲ್ಲಿ ಅದು ನಿಮ್ಮ ಕಾಲಿಗೆ ನೀವೇ ಕೊಡಲಿ ಹಾಕಿಕೊಂಡಂತೆ. ಒಂದು ಇಂಚು ಮಳೆಗೆ ನಿಮ್ಮ 532 ಚದರಡಿಯ ಮೇಲೆ ಸುಮಾರು 1,250 ಲೀಟರ್ ನೀರು ಬೀಳುತ್ತದೆ. ಅದನ್ನು ಹಾಸಿನ ಕೆಳಗೆ, ಬುನಾದಿಯ ಪಕ್ಕ ಇಳಿಸಿದರೆ ಎರೆಮಣ್ಣು ಅದನ್ನು ಕೆಳಕ್ಕೆ ಬಿಡುವುದಿಲ್ಲ, ತಾನೇ ಕುಡಿದು ಉಬ್ಬುತ್ತದೆ. ನೀರು ಉಳಿಸಬೇಕೆಂಬ ಅವರ ಆಸೆ ಸರಿ, ಜಾಗ ತಪ್ಪು. ಮಾಳಿಗೆಯ ನೀರನ್ನು ಫಿಲ್ಟರ್ ಹಾಕಿ ಸಂಪಿಗೆ ತುಂಬಿಸಿ. ಅಂಗಳದ ನೀರು ಇಳಿಜಾರಿನಲ್ಲಿ ಮೇಲಿಂದಲೇ ಹರಿದುಹೋಗಲಿ. ಇಂಗುಗುಂಡಿ ಬೇಕೇ ಬೇಕೆಂದರೆ ಮನೆಯಿಂದಲೂ ಹಾಸಿನಿಂದಲೂ ದೂರದ ಮೂಲೆಯಲ್ಲಿ, ಎರೆ ಮುಗಿದು ಗಟ್ಟಿ ಮುರುಮ್ ಸಿಗುವಷ್ಟು ಆಳಕ್ಕೆ ತೋಡಿಸಿ.

ಈ ಮಾತು ನಿಮ್ಮ ಹೊಲಕ್ಕೆ. ಬೀದರ್ ಊರಿನವರು ಓದುತ್ತಿದ್ದರೆ ಅವರ ಲೆಕ್ಕ ತಿರುಗುಮುರುಗು. ಅಲ್ಲಿಯ ಕೆಂಪು ಜಂಬಿಟ್ಟಿಗೆ ನೆಲ ಉಬ್ಬುವುದಿಲ್ಲ, ನೀರು ಬಿಡುತ್ತದೆ. ಬಹಮನಿ ಕಾಲದವರು ಅದರೊಳಗೆ ಸುರಂಗ ಕೊರೆದು ನೀರು ಹರಿಸಿದ ಕರೇಜ್ ಈಗಲೂ ಇದೆ, ಜನ ಸುರಂಗ ಬಾವಿ ಎನ್ನುತ್ತಾರೆ. ಅಂಥ ನೆಲದ ಮೇಲೆ ಕಾಂಕ್ರೀಟ್ ಆಗಲಿ, ನೀರು ಇಂಗುವ ಪೇವರ್ ಆಗಲಿ ಧಾರಾಳವಾಗಿ ಹಾಕಬಹುದು. ಜಂಬಿಟ್ಟಿಗೆ ಕಲ್ಲನ್ನೇ ಹಾಸುವ ಆಸೆ ಮಾತ್ರ ಬೇಡ. ಗಣಿಯಿಂದ ತೆಗೆದಾಗ ಮೆತ್ತಗಿದ್ದು ಗಾಳಿಗೆ ಗಟ್ಟಿಯಾಗುವ ಆ ಕಲ್ಲು ಗೋಡೆಗೆ ಸರಿ, ಕೋಟೆಯೇ ನಿಂತಿದೆಯಲ್ಲ. ಚಕ್ರ ಉಜ್ಜಿದರೆ ಕೆಂಪು ಧೂಳಾಗಿ ಮನೆಯೊಳಗೆ ಬರುತ್ತದೆ. ಆದರೆ ಭಾಲ್ಕಿ, ಔರಾದ್ ಕಡೆಯ ಕರಿ ಹೊಲಗಳಿಗೆ ಮತ್ತೆ ನಿಮ್ಮದೇ ನಿಯಮ. ಯಾದಗಿರಿಯಲ್ಲಿ ಗ್ರಾನೈಟ್ ಗುಡ್ಡದ ಬದಿಯ ಕೆಂಪು ಉಸುಕುಮಣ್ಣಿನವರು ಪುಣ್ಯವಂತರು. ಮೂರು-ನಾಲ್ಕು ಇಂಚು ದಪ್ಪದ ಚಾಣದ ಪೆಟ್ಟಿನ ಗ್ರಾನೈಟ್ ಹಾಸಿದರೆ ಮೊಮ್ಮಕ್ಕಳವರೆಗೂ ಅದರ ಚಿಂತೆ ಇಲ್ಲ. ಭೀಮಾ ದಂಡೆಯ ಎರೆಯವರಿಗೆ ಆ ಪುಣ್ಯ ಇಲ್ಲ.

ಕೆಲಸಕ್ಕೆ ಬರೋಣ. ಮೇಲಿನಿಂದ ಲೆಕ್ಕ ಹಾಕಿ. ಪೇವರ್ 60 ಮಿಲಿಮೀಟರ್, ಅದರ ಕೆಳಗೆ 30 ಮಿಲಿಮೀಟರ್ ಉಸುಕು, ಅದರ ಕೆಳಗೆ ಆರು ಇಂಚು ಖಡಿ-ಪುಡಿ ಕಲಸಿದ ವೆಟ್ ಮಿಕ್ಸ್, ಅದರಡಿ ಕಡಿಮೆ ಅಂದರೆ ಒಂದಡಿ ಮುರುಮ್. ಒಟ್ಟು ಹತ್ತಿರ ಹತ್ತಿರ 22 ಇಂಚು. ಲೋಟದ ಪರೀಕ್ಷೆಯಲ್ಲಿ ಮಣ್ಣು ದುಪ್ಪಟ್ಟಾಗಿದ್ದರೆ ಮುರುಮ್ ಒಂದೂವರೆ ಅಡಿ ಮಾಡಿ. ಇದರಿಂದ ಉಬ್ಬು ಪೂರ್ತಿ ನಿಲ್ಲುವುದಿಲ್ಲ. ಕಡಿಮೆಯಾಗುತ್ತದೆ, ಮುಖ್ಯವಾಗಿ ಎಲ್ಲ ಕಡೆ ಸಮನಾಗುತ್ತದೆ. ಒಂದಡಿ ಮುರುಮಿಗೆ ದಮ್ಮಸು ಆದ ಮೇಲೆ 532 ಘನ ಅಡಿ ಬೇಕು. ಟಿಪ್ಪರಿನಲ್ಲಿ ಬರುವುದು ಸಡಿಲ ಮಣ್ಣು, ಆದ್ದರಿಂದ ಏಳು ಬ್ರಾಸ್ (ಒಂದು ಬ್ರಾಸ್ ಅಂದರೆ ನೂರು ಘನ ಅಡಿ) ಹೇಳಿ. ಬಂದ ಮುರುಮಿಗೂ ಅದೇ ಎರಡು ಲೋಟದ ಪರೀಕ್ಷೆ ಮಾಡಿ. ಕೆಂಪಗೆ ಕಂಡದ್ದೆಲ್ಲ ಮುರುಮಲ್ಲ, ಎರೆ ಬೆರೆಸಿ ಮಾರುವವರೂ ಇದ್ದಾರೆ.

ಗುಂಡಿಯ ತಳವನ್ನು ಸಪಾಟಾಗಿ ಬಿಡಬೇಡಿ. ತಳಕ್ಕೇ ಇಳಿಜಾರು ಕೊಡಿ, ಒಳಗೆ ನೀರು ಹೊಕ್ಕರೂ ಒಂದು ಕಡೆ ಹೊರಟುಹೋಗಬೇಕು. ಮುರುಮನ್ನು ಆರಾರು ಇಂಚಿನ ಪದರದಲ್ಲಿ ಹರಡಿ, ನೀರು ಚಿಮುಕಿಸಿ, ಪ್ಲೇಟ್ ಕಂಪ್ಯಾಕ್ಟರ್ ಹೊಡೆಸಿ. ನೀರು ಎಷ್ಟು? ಒಂದು ಮುಷ್ಟಿ ಹಿಡಿದು ಹಿಚುಕಿದರೆ ಉಂಡೆ ನಿಲ್ಲಬೇಕು, ಅಂಗೈ ಒದ್ದೆಯಾಗಬಾರದು. ಇಡೀ ಒಂದಡಿಯನ್ನು ಒಂದೇ ಸಲ ಸುರಿದು ಮೇಲಿಂದ ನೀರು ಬಿಟ್ಟು ‘ತಾನೇ ಕೂಡ್ತದ್ರಿ’ ಎನ್ನುವವನಿಗೆ ಚಹಾ ಕುಡಿಸಿ ಕಳಿಸಿ.

ಪೇವರ್ ಕೆಳಗೆ ನಾಲ್ಕು ಇಂಚು ಕಾಂಕ್ರೀಟ್ ಹಾಕಿದರೆ ಇನ್ನೂ ಗಟ್ಟಿ ಎಂದು ಗುತ್ತಿಗೆದಾರರು ಹೇಳುತ್ತಾರೆ. ಬೇಡ. ಬಾಗುವ ಹಾಸನ್ನು ಬಾಗದ ಹಲಗೆಯ ಮೇಲೆ ಇಟ್ಟರೆ ಎರಡರ ದೋಷವೂ ಸೇರುತ್ತವೆ, ನಡುವಿನ ಉಸುಕಿನಲ್ಲಿ ನೀರು ನಿಂತು ತುಂಡುಗಳು ಅಲ್ಲಾಡುತ್ತವೆ.

ಅಂಚಿಗೆ ಕಾಂಕ್ರೀಟ್ ಕಟ್ಟೆ ಕಡ್ಡಾಯ, ಮಣ್ಣಿನೊಳಗೆ ಒಂದಡಿ ಇಳಿದಿರಲಿ. ಅಂಚು ಇಲ್ಲದ ಪೇವರ್ ಎರಡು ಮಳೆಗಾಲದಲ್ಲಿ ಹರಿದ ಚಾಪೆಯಂತಾಗುತ್ತದೆ. ಕಟ್ಟೆಯ ಪಕ್ಕದಲ್ಲೇ ಹೂವಿನ ಗಿಡ ನೆಟ್ಟು ದಿನಾ ನೀರು ಬಿಡುವುದು ಈ ಊರಿನ ಎಲ್ಲರ ರೂಢಿ. ಅದೊಂದನ್ನು ಬಿಡಿ, ಗಿಡ ಕುಂಡದಲ್ಲಿರಲಿ. ಬೇವಿನ ಮರ ಇದ್ದರೆ ಕಡಿಯಬೇಡಿ, ಆದರೆ ಬೇಸಿಗೆಯಲ್ಲಿ ಅದರ ಬೇರು ಸುತ್ತಲಿನ ನೆಲ ಒಣಗಿಸಿ ಆ ಬದಿ ಇಳಿಯುತ್ತದೆ ಎಂಬುದು ತಿಳಿದಿರಲಿ.

ಇಳಿಜಾರು ಅಡಿಗೆ ಕಾಲು ಇಂಚು. ಗೇಟಿನ ಕಡೆಗೆ ಕೊಟ್ಟರೆ 38 ಅಡಿಗೆ ಒಂಬತ್ತೂವರೆ ಇಂಚು ಇಳಿಯಬೇಕು. ನಿಮ್ಮ ರಸ್ತೆಗೆ ಮುಂದೆ ಪದರದ ಮೇಲೆ ಪದರ ಬಿದ್ದು ಎತ್ತರವಾದರೆ ನೀರು ವಾಪಸು ಮನೆಗೇ. ಅದಕ್ಕೆ ನಾನಾದರೆ ಅಡ್ಡಕ್ಕೆ ಇಳಿಜಾರು ಕೊಡುತ್ತೇನೆ, ಮನೆಯ ಬದಿಯಿಂದ ಕಾಂಪೌಂಡಿನ ಬದಿಗೆ ಮೂರೂವರೆ ಇಂಚು, ಅಲ್ಲಿ ಸಿಮೆಂಟು ಗಿಲಾವಿನ ಸಣ್ಣ ಚರಂಡಿ.

ಪೇವರ್ ಕೊಳ್ಳುವಾಗ ಹೊಳಪಿಗೆ ಮರುಳಾಗಬೇಡಿ. ಕನ್ನಡಿಯಂತೆ ಮಿಂಚುವವು ಬಹುಪಾಲು ರಬ್ಬರ್ ಅಚ್ಚಿನಲ್ಲಿ ಎರೆದವು. ಯಂತ್ರದಲ್ಲಿ ಒತ್ತಿ ಮಾಡಿದ್ದು ಒರಟಾಗಿರುತ್ತದೆ, ಅದೇ ಬೇಕು. ಐಎಸ್ 15658 ಮಾನದಂಡದ ಪ್ರಕಾರ ಹಗುರ ವಾಹನಗಳಿಗೆ 60 ಮಿಲಿಮೀಟರ್ ದಪ್ಪ, ಎಂ-35 ಗ್ರೇಡ್ (ಕಾಂಕ್ರೀಟಿನ ಗಟ್ಟಿತನದ ದರ್ಜೆ). ಗ್ರೇಡ್ ಎಲ್ಲರೂ ಬಾಯಲ್ಲಿ ಹೇಳುತ್ತಾರೆ, ನೀವು ತೂಗಿ ನೋಡಿ. ಎಂಟಿಂಚು-ನಾಲ್ಕಿಂಚಿನ 60 ಮಿಲಿಮೀಟರ್ ತುಂಡು ಒಣಗಿದಾಗ ಸುಮಾರು 2.75 ಕಿಲೋ ಇರುತ್ತದೆ. ಅದನ್ನು ಒಂದು ರಾತ್ರಿ-ಹಗಲು ಬಕೆಟ್ ನೀರಿನಲ್ಲಿ ಮುಳುಗಿಸಿ, ಒರೆಸಿ, ಕಿರಾಣಿ ಅಂಗಡಿಯ ತಕ್ಕಡಿಗೆ ಹಾಕಿ. ಮಾನದಂಡ ಒಪ್ಪುವುದು ಶೇ 6ರಷ್ಟು ನೀರು, ಅಂದರೆ 165 ಗ್ರಾಂ. ಕಾಲು ಕಿಲೋ ಕುಡಿದಿದ್ದರೆ ಅದು ಇಟ್ಟಿಗೆಯ ತಮ್ಮ, ಪೇವರ್ ಅಲ್ಲ. ಲೋಡಿನ ಬೇರೆ ಬೇರೆ ಕಡೆಯಿಂದ ನಾಲ್ಕೈದು ತುಂಡು ಆರಿಸಿ ಹೀಗೆ ನೋಡಿ. ಬಣ್ಣ ತಿಳಿ ಬೂದು ಇರಲಿ, ನಲವತ್ತೆರಡು ಡಿಗ್ರಿಯಲ್ಲಿ ಕಪ್ಪು-ಕೆಂಪು ಹಾಸಿನ ಮೇಲೆ ಬರಿಗಾಲಿಡಲು ಬರುವುದಿಲ್ಲ. ಜೋಡಣೆ ಚಾಪೆ ಹೆಣಿಗೆಯ ಹಾಗೆ ಓರೆಯಾಗಿರಲಿ. ನೇರ ಸಾಲಿನಲ್ಲಿ ಜೋಡಿಸಿದರೆ ಬ್ರೇಕ್ ಹಾಕಿದಾಗ, ಸ್ಟಿಯರಿಂಗ್ ತಿರುಗಿಸಿದಾಗ ಸಾಲೇ ಜರುಗುತ್ತದೆ.

ಕಾಲ ನೋಡಿ ಕೈ ಹಾಕಿ. ನನ್ನ ಹಾಗೆ ಮೇ ತಿಂಗಳಲ್ಲಿ ಬೇಡ, ಮಳೆಗಾಲದ ಕೆಸರಿನಲ್ಲೂ ಬೇಡ. ದೀಪಾವಳಿ ದಾಟಿ ಶರಣಬಸವೇಶ್ವರ ಜಾತ್ರೆಯ ಒಳಗೆ ಮುಗಿಸಿ. ಆಗ ನೆಲದಲ್ಲಿ ನಡುವಣ ತೇವ ಇರುತ್ತದೆ, ಪೂರ್ತಿ ಉಬ್ಬಿರುವುದಿಲ್ಲ, ಪೂರ್ತಿ ಕುಗ್ಗಿರುವುದೂ ಇಲ್ಲ. ಮುರುಮ್ ಹಾಕುವ ಮೊದಲು ಅಡ್ಡಲಾಗಿ ನಾಲ್ಕಿಂಚಿನ ಎರಡು ಪಿವಿಸಿ ಪೈಪು ಹೂತಿಡಿ, ಒಂದು ನೀರಿಗೆ, ಒಂದು ತಂತಿಗೆ. ಇವತ್ತು ಬೇಕಾಗುವುದಿಲ್ಲ, ಗೇಟಿಗೆ ದೀಪ ಹಾಕಿಸುವ ದಿನ ನೆನಪಾಗುತ್ತದೆ. ಗೇಟು ಒಳಗೆ ತೆರೆಯುವುದಾದರೆ ಹಾಸಿನ ಮಟ್ಟಕ್ಕಿಂತ ಎರಡು ಇಂಚು ಮೇಲಿರಲಿ. ಏಕೆ ಎಂದು ನಿಮಗೀಗ ಗೊತ್ತು.

ಟ್ಯಾಂಕರ್ ವಿಚಾರ. ಐದು ಸಾವಿರ ಲೀಟರ್ ಅಂದರೆ ಬರೀ ನೀರೇ ಐದು ಟನ್, ಮೇಲೆ ಟ್ರ್ಯಾಕ್ಟರು, ಟ್ರಾಲಿ. ಕಾರಿಗೆ ಸಾಕಾಗುವ 60 ಮಿಲಿಮೀಟರ್ ಅದಕ್ಕೆ ಸಾಲದು, 80 ಮಿಲಿಮೀಟರ್ ಎಂ-40 ಹಾಕಬೇಕು, ವೆಟ್ ಮಿಕ್ಸ್ ಎಂಟು ಇಂಚು ಮಾಡಬೇಕು. ವರ್ಷಕ್ಕೆ ಹತ್ತು ಸಲ ಬರುವ ಗಾಡಿಗಾಗಿ ಅಷ್ಟು ಖರ್ಚು ಏಕೆ? ಗೇಟಿನ ಪಕ್ಕದ ಗೋಡೆಯಲ್ಲಿ ಎರಡಿಂಚಿನ ಪೈಪಿನ ಬಾಯಿ ಇಟ್ಟು ಸಂಪಿನವರೆಗೆ ಇಳಿಜಾರಾಗಿ ಎಳೆದುಬಿಡಿ. ಟ್ಯಾಂಕರ್ ರಸ್ತೆಯಲ್ಲೇ ನಿಂತು ನೀರು ಬಿಟ್ಟು ಹೋಗುತ್ತದೆ.

ಇನ್ನು ಅವ್ವನ ಹಪ್ಪಳ. ಪೇವರಿನ ಕೀಲುಗಳಲ್ಲಿ ಉಸುಕು ಇರುತ್ತದೆ, ಗಾಳಿಗೆ ಎದ್ದು ಹಪ್ಪಳಕ್ಕೆ ಹತ್ತುತ್ತದೆ, ಅವರು ನಿಮ್ಮನ್ನೂ ನನ್ನನ್ನೂ ಬೈಯುತ್ತಾರೆ. ಪೋರ್ಟಿಕೊದ ಅಂಚಿಗೆ, ಬಿಸಿಲು ಬೀಳುವ ಕಡೆ, ಕಾರು ಹತ್ತದ ಹಾಗೆ ಅರ್ಧ ಅಡಿ ಎತ್ತರದ ಫರ್ಸಿ ಕಟ್ಟೆ ಕಟ್ಟಿಸಿ. ಆರಡಿ ಉದ್ದ, ನಾಲ್ಕಡಿ ಅಗಲ. ಅಲ್ಲಿ ಮಾತ್ರ ದೊಡ್ಡ ಕಲ್ಲು, ಪಾಲಿಶ್ ಎಲ್ಲವೂ ನಡೆಯುತ್ತದೆ. ಅಪ್ಪನವರಿಗೆ ಸಂಜೆ ಕೂರಲೂ ಆಯಿತು.